ಆವೆಮಣ್ಣಿನ ಅಂಕಣ

ಕುಂದಾಪುರದ ಕಡೆಯವರೊಡನೆ ಟೆನ್ನಿಸ್ಸಿನ ಮಾತೆತ್ತಿದರೆ ಅವರು ಮೊದಲು ಕೇಳುವ ಪ್ರಶ್ನೆ, “ಎಷ್ಟು ಓವರಿನ ಮ್ಯಾಚು?” ಎಂಬುದು. ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಕರಾವಳಿಯಲ್ಲಿ ಟೆನ್ನಿಸ್ ಚೆಂಡು ಬಂದು ಸೇರಿದ್ದು ಕ್ರಿಕೆಟ್ಟಿನ ಮನೆಯನ್ನು. ಗಾಂಧಿ ಮೈದಾನದಲ್ಲಿ ಹೊನಲು ಬೆಳಕಿನ ಕೆಳಗೆ ಜನ ಕಿಕ್ಕಿರಿದು ನೋಡುವ ‘ಟೆನ್ನಿಸ್ ಬಾಲ್’ ಪಂದ್ಯಗಳಿಗೂ, ಬಲೆಯ ಎರಡು ಬದಿಗೆ ನಿಂತು ಆಡುವ ಆ ಆಟಕ್ಕೂ ಚೆಂಡೊಂದನ್ನು ಬಿಟ್ಟರೆ ಬೇರೆ ಸಂಬಂಧವಿಲ್ಲ. ಅಳಿಯ ಬಂದ, ಮಗಳು ಬರಲಿಲ್ಲ ಎಂಬ ಹಾಗೆ, ನಮ್ಮಲ್ಲಿಗೆ ಚೆಂಡು ಬಂತು, ಆಟ ಬರಲಿಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಬಾರದೆ ಉಳಿದ ಆ ಆಟವನ್ನು ಕುರಿತು. ಅದರಲ್ಲಿಯೂ ಆವೆಮಣ್ಣಿನ ಅಂಕಣದ ಮೇಲೆ ನಡೆಯುವ ಅದರ ಒಂದು ಬಗೆಯನ್ನು ಕುರಿತು. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇದರಲ್ಲಿ ಏನು ಅಧಿಕಾರ ಎಂದು ಕೇಳುಗರಿಗೆ ಅನ್ನಿಸಬಹುದು. ನನ್ನ ಅಧಿಕಾರ ಆಟದ್ದಲ್ಲ, ಮಣ್ಣಿನದು. ನಾನು ಹಂಚಿನ ಕಾರ್ಖಾನೆಯ ಗುಮಾಸ್ತನ ಮಗ.

1976ನೆಯ ಇಸವಿಯಲ್ಲಿ ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದೆ. ನಮ್ಮ ಕಡೆಯ ಅನೇಕ ಹುಡುಗರಂತೆ ನಾನೂ ಸೋದರಮಾವನ ಹೋಟೆಲಿನಲ್ಲಿ ಬೆಳಗಿನ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಆಮೇಲೆ ಕಾಲೇಜಿಗೆ ಹೋಗುತ್ತಿದ್ದವನು. ದಿನವೂ ಕಾಫಿಗೆ ಬರುತ್ತಿದ್ದ ಗಿರಾಕಿಯೊಬ್ಬರು ನವೆಂಬರಿನ ಒಂದು ದಿನ, ತಮಗೆ ಹೋಗಲಾಗುವುದಿಲ್ಲವೆಂದು ಹೇಳಿ ಒಂದು ಟಿಕೀಟನ್ನು ನನ್ನ ಕೈಗೆ ಕೊಟ್ಟರು. ಅದು ಇಂಡಿಯನ್ ಓಪನ್ ಟೆನ್ನಿಸ್ ಪಂದ್ಯಾವಳಿಯ ಟಿಕೀಟು. ಅಂದಿನ ಗ್ರಾನ್ ಪ್ರೀ ಎಂಬ ವಿಶ್ವಸರಣಿಗೆ ಸೇರಿದ್ದ ಆ ಪಂದ್ಯಾವಳಿ 1973ರಲ್ಲಿ ದೆಹಲಿ, 1974ರಲ್ಲಿ ಮುಂಬಯಿ, 1975ರಲ್ಲಿ ಕಲಕತ್ತೆ ಹೀಗೆ ಊರಿಂದೂರಿಗೆ ಬಿಡಾರ ಬದಲಿಸುತ್ತ, ಆ ವರ್ಷ ಬೆಂಗಳೂರಿಗೆ ಬಂದಿತ್ತು. ವಿಂಬಲ್ಡನ್ನಿನಂಥ ದೊಡ್ಡ ಜಾತ್ರೆಯಲ್ಲ. ಹೊಟ್ಟೆಪಾಡಿಗೆ ಆಡುವ ವೃತ್ತಿಪರರು ವರ್ಷದ ಕೊನೆಯಲ್ಲಿ ನಾಲ್ಕು ಕಾಸು ಕೂಡಿಸಿಕೊಳ್ಳಲು ಬರುತ್ತಿದ್ದ ಸಣ್ಣ ಸಂತೆ. ಆ ಸಲ ಆಸ್ಟ್ರೇಲಿಯದ ಕಿಮ್ ವಾರ್ವಿಕ್ ಅಂತಿಮ ಪಂದ್ಯದಲ್ಲಿ ನಮ್ಮ ಶಶಿ ಮೆನನ್ನರನ್ನು ನೇರ ಸೆಟ್ಟುಗಳಲ್ಲಿ ಸೋಲಿಸಿ ಗೆದ್ದರೆಂಬುದು ದಾಖಲೆ. ಅದನ್ನು ನಾನು ಪತ್ರಿಕೆಯಲ್ಲಿ ಓದಿದೆ. ಕಣ್ಣಾರೆ ಕಂಡದ್ದು ವಾರದ ನಡುವಿನ ಒಂದು ಮಧ್ಯಾಹ್ನ, ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿಯಿದ್ದಾಗ, ಹೆಸರು ನೆನಪಿಲ್ಲದ ಇಬ್ಬರು ಆಡಿದ ಆಟವನ್ನು.

ಆಟದ ಲೆಕ್ಕ ನನಗೆ ಆಗ ತಿಳಿಯುತ್ತಿರಲಿಲ್ಲ. ಹದಿನೈದು, ಮೂವತ್ತು, ಅಲ್ಲಿಂದ ನಲವತ್ತೈದರ ಬದಲು ನಲವತ್ತು. ಇದಾವ ಮಗ್ಗಿ ಎಂದು ಬೆಪ್ಪಾದೆ. ನನ್ನ ಕಣ್ಣು ನೆಟ್ಟದ್ದು ಆಟಗಾರರ ಬಿಳಿಯ ಕಾಲುಚೀಲಗಳ ಮೇಲೆ. ಒಂದು ಗಂಟೆಯೊಳಗೆ ಅವು ಕೆಂಪಾಗಿದ್ದವು. ಆ ಕೆಂಪು ನನಗೆ ಗೊತ್ತಿದ್ದ ಕೆಂಪು. ಸಂಜೆ ಕಾರ್ಖಾನೆಯಿಂದ ಬಂದ ನನ್ನ ತಂದೆ ಜಗಲಿಯಲ್ಲಿ ಪಂಚೆ ಕೊಡವಿದಾಗ ಉದುರುತ್ತಿದ್ದುದು ಅದೇ ಬಣ್ಣ. ತಾಯಿ ಎಷ್ಟು ಒಗೆದರೂ ಬಿಡದ ಬಣ್ಣ. ನಮ್ಮ ಮನೆಯಲ್ಲಿ ಕೊಳೆ ಎನ್ನಿಸಿಕೊಂಡದ್ದರ ಮೇಲೆ ನಿಂತು ಆಡಲು ಸಮುದ್ರದಾಚೆಯಿಂದ ಜನ ಬಂದಿದ್ದಾರಲ್ಲ, ಅದನ್ನು ನೋಡಲು ಇನ್ನೊಬ್ಬರು ಹಣ ಕೊಟ್ಟಿದ್ದಾರಲ್ಲ ಎಂದು ಹದಿನೆಂಟರ ಹುಡುಗನಿಗೆ ಆದ ಬೆರಗು ಇಂದಿಗೂ ಮಾಸಿಲ್ಲ.

ಇಲ್ಲಿ ಒಂದು ಮಾತಿನ ವಿಚಾರ. ಇಂಗ್ಲಿಷಿನವರು ಈ ಅಂಕಣವನ್ನು ‘ಕ್ಲೇ ಕೋರ್ಟ್’ ಎನ್ನುತ್ತಾರೆ. ಕ್ಲೇ ಎಂದರೆ ಹಸಿ ಜೇಡಿ. ಆದರೆ ಯೂರೋಪಿನ ಪ್ರಸಿದ್ಧ ಕೆಂಪು ಅಂಕಣಗಳ ಮೈಮೇಲಿರುವುದು ಹಸಿ ಜೇಡಿಯಲ್ಲ; ಸುಟ್ಟ ಇಟ್ಟಿಗೆಯ ಅಥವಾ ಹಂಚಿನ ಹುಡಿ. ನಮ್ಮ ಪತ್ರಿಕೆಯವರು ಅದನ್ನು ‘ಆವೆಮಣ್ಣಿನ ಅಂಕಣ’ ಎಂದು ಕರೆದರು. ಆವೆ ಎಂದರೆ ಕುಂಬಾರ ಮಡಕೆ ಸುಡುವ ಗೂಡು. ಆವಗೆ, ಆವಿಗೆ ಎಂಬ ರೂಪಗಳೂ ಉಂಟು. ಆವೆಯನ್ನು ಹೊಕ್ಕು ಹೊರಬಂದ ಮಣ್ಣು ಎಂದು ಅರ್ಥ ಮಾಡಿಕೊಂಡರೆ, ಮೂಲದ ಹೆಸರಿಗಿಂತ ಅನುವಾದದ ಹೆಸರೇ ವಸ್ತುವಿಗೆ ಹತ್ತಿರವಾಗಿದೆ. ಭಾಷಾಂತರಕಾರನಿಗೆ ಇಂಥ ಅದೃಷ್ಟ ಅಪರೂಪಕ್ಕೆ ಒದಗುತ್ತದೆ.

ಈ ಅಂಕಣ ಹುಟ್ಟಿದ ಕಥೆಯೂ ಸ್ವಾರಸ್ಯದ್ದೆ. ವಿಂಬಲ್ಡನ್ನಿನ ಆದಿಕಾಲದ ವೀರರಾದ ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಷಾ ಎಂಬ ಅವಳಿ ಸಹೋದರರು 1880ರ ಸುಮಾರಿಗೆ ಫ್ರಾನ್ಸಿನ ದಕ್ಷಿಣ ತೀರದ ಕಾನ್ ಪಟ್ಟಣದಲ್ಲಿ ಹುಲ್ಲಿನ ಅಂಕಣಗಳನ್ನು ಮಾಡಿಸಿದ್ದರು. ಬಿಸಿಲಿಗೆ ಹುಲ್ಲು ಸುಟ್ಟುಹೋಗತೊಡಗಿತು. ನೆರೆಯ ವಲೋರಿಸ್ ಎಂಬುದು ಕುಂಬಾರರ ಊರು. ಅಲ್ಲಿ ಒಡೆದು ಬಿದ್ದಿದ್ದ ಮಡಕೆಗಳನ್ನು ಪುಡಿಮಾಡಿಸಿ, ತರಿಸಿ, ಹುಲ್ಲಿನ ಮೇಲೆ ಹಾಸಿದರಂತೆ. ಹೀಗೆ, ಕುಂಬಾರ ಕೆಲಸಕ್ಕೆ ಬಾರದೆಂದು ಎಸೆದದ್ದು ಶ್ರೀಮಂತರ ಆಟಕ್ಕೆ ನೆಲವಾಯಿತು. 1928ರಲ್ಲಿ ತೆರೆದ ಪ್ಯಾರಿಸ್ಸಿನ ರೋಲಾಂ ಗಾರೋ ಕ್ರೀಡಾಂಗಣದ ನೆಲವೂ ಈ ವಂಶದ್ದೇ. ಅಲ್ಲಿನ ಕೆಂಪು ಹುಡಿಯ ಪದರ ಒಂದೆರಡು ಮಿಲಿಮೀಟರಿನಷ್ಟು ಮಾತ್ರ ದಪ್ಪ. ಅದರ ಕೆಳಗೆ ಸುಣ್ಣಕಲ್ಲಿನ ಹುಡಿ, ಅದರ ಕೆಳಗೆ ಕಲ್ಲಿದ್ದಲ ಕಿಟ್ಟ, ಅದಕ್ಕೂ ಕೆಳಗೆ ಜಲ್ಲಿ. ಜಗತ್ತು ಟೆಲಿವಿಷನ್ನಿನಲ್ಲಿ ಕಾಣುವ ಆ ಕೆಂಪೆಲ್ಲ ತುಟಿಗೆ ಹಚ್ಚಿದ ಬಣ್ಣದಷ್ಟೆ.

ಇದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಏನು ನಡೆದಿತ್ತು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನಮಗೆ 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನೂ, 1894ರಲ್ಲಿ ಕಿಟ್ಟೆಲರ ನಿಘಂಟನ್ನೂ ಕೊಟ್ಟರೆಂಬುದನ್ನು ನಾವು ಸಾಹಿತ್ಯದವರು ತಪ್ಪದೆ ಸ್ಮರಿಸುತ್ತೇವೆ. ಆ ಎರಡರ ನಡುವೆ, 1865ರಲ್ಲಿ, ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರೆಂಬುದನ್ನು ಅಷ್ಟಾಗಿ ಸ್ಮರಿಸುವುದಿಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚಿನ ಅಚ್ಚು ಆಲ್ಸೇಸಿನ ಆಲ್ಟ್‌ಕಿರ್ಷ್ ಎಂಬ ಊರಿನಲ್ಲಿ ಗಿಲಾರ್ದೋನಿ ಸಹೋದರರು 1841ರ ಹೊತ್ತಿಗೆ ಕಂಡುಹಿಡಿದ ಬಗೆಯದು. ಆ ಊರಿಗೂ ಬಾಸೆಲಿಗೂ ಬಹಳ ದೂರವಿಲ್ಲ. ನಿಘಂಟು ಓದುವವರ ಮನೆಯಲ್ಲಿದ್ದೀತು. ಹಂಚು ಓದಲು ಬಾರದವರ ತಲೆಯ ಮೇಲೂ ಇತ್ತು. ಹುಲ್ಲುಮಾಡಿನ ಬೆಂಕಿಯ ಭಯದಿಂದ ಕರಾವಳಿಯನ್ನು ಬಿಡಿಸಿದ್ದು ಅದು. ಮಂಗಳೂರಿನಿಂದ ಈ ಉದ್ಯಮ ನದಿಗಳ ದಡ ಹಿಡಿದು ಬಡಗಣಕ್ಕೆ ಬಂತು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟ ಎಂಬ ಐದು ಹೊಳೆಗಳು ಕೂಡುವ ನಮ್ಮ ಪಂಚಗಂಗಾವಳಿಯ ಸೀಮೆಯಲ್ಲಿ ಜೇಡಿಗೂ ದೋಣಿಗೂ ಬರವಿರಲಿಲ್ಲ. ಚಿಮಣಿಗಳು ಎದ್ದವು.

ನನ್ನ ತಂದೆ ಅಂಥದೊಂದು ಚಿಮಣಿಯ ಕೆಳಗೆ ಲೆಕ್ಕ ಬರೆಯುತ್ತಿದ್ದರು. ಗೂಡಿನಿಂದ ಹೊರಬಂದ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟುವುದು ಅವರಿಗೆ ಅಭ್ಯಾಸವಾಗಿತ್ತು. ಠಣ್ ಎಂದರೆ ಸರಿಯಾಗಿ ಬೆಂದದ್ದು; ಸದ್ದು ಒಡಕಾದರೆ ಕಣ್ಣಿಗೆ ಕಾಣದ ಸೀಳು ಇದೆಯೆಂದು ಅರ್ಥ. ಸೀಳಿದ್ದು ಹೊರಗಿನ ರಾಶಿಗೆ ಹೋಗುತ್ತಿತ್ತು. ಆ ರಾಶಿಯನ್ನು ಹಿಂದಿನವರು ಕುಟ್ಟಿ ಸುಣ್ಣದೊಡನೆ ಬೆರಸಿ ಸುರ್ಕಿಗಾರೆ ಮಾಡುತ್ತಿದ್ದರು. ಸಿಮೆಂಟು ಬಂದ ಮೇಲೆ ಅದನ್ನು ಕೇಳುವವರಿಲ್ಲದೆ ರಸ್ತೆಯ ಹೊಂಡ ತುಂಬಲು ಒಯ್ಯುತ್ತಿದ್ದರು. ರೆನ್‌ಷಾ ಸಹೋದರರು ಕುಂದಾಪುರಕ್ಕೆ ಬಂದಿದ್ದರೆ ಬಂಡಿಗಟ್ಟಲೆ ಕೊಂಡು ಹೋಗುತ್ತಿದ್ದರೋ ಏನೋ!

ಇನ್ನು ಈ ನೆಲದ ಗುಣ. ಅಂಕಣದ ಅಳತೆ ಎಲ್ಲ ಕಡೆಯೂ ಒಂದೆ. ಉದ್ದ 78 ಅಡಿ, ಒಂಟಿಯಾಟಕ್ಕೆ ಅಗಲ 27 ಅಡಿ. ಆದರೆ ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು ಹೋಗುತ್ತದೆ. ಆವೆಮಣ್ಣಿನ ಹುಡಿ ಅದನ್ನು ಹಿಡಿದು ನಿಲ್ಲಿಸಿದಂತೆ ಮಾಡಿ, ವೇಗವನ್ನು ತಗ್ಗಿಸಿ, ಎತ್ತರಕ್ಕೆ ಪುಟಿಸುತ್ತದೆ. ಬೇರೆಡೆ ಒಂದೇ ಏಟಿಗೆ ಮುಗಿಯುವ ಮಾತು ಇಲ್ಲಿ ಇಪ್ಪತ್ತು ಏಟುಗಳ ಸಂವಾದವಾಗುತ್ತದೆ. ಬಲಶಾಲಿಯ ಬಲವನ್ನು ಈ ನೆಲ ಅರ್ಧ ನುಂಗಿಬಿಡುತ್ತದೆ. ತಾಳ್ಮೆಯಿದ್ದವನಿಗೆ ಎರಡನೆಯ ಅವಕಾಶ ಕೊಡುತ್ತದೆ. ಸ್ಪೇನಿನ ರಫಾಯೆಲ್ ನಡಾಲ್ 2005ರಿಂದ 2022ರೊಳಗೆ ಪ್ಯಾರಿಸ್ಸಿನಲ್ಲಿ ಹದಿನಾಲ್ಕು ಸಲ ಗೆದ್ದದ್ದು ಈ ತಾಳ್ಮೆಯ ಪರಮಾವಧಿ. ಭಾರತೀಯರಿಗೂ ಈ ಮಣ್ಣು ಕೃಪೆ ತೋರಿದೆ. ಗ್ರ್ಯಾಂಡ್ ಸ್ಲಾಮ್ ಎಂಬ ಮಹಾಪಂದ್ಯಗಳಲ್ಲಿ ಭಾರತೀಯನೊಬ್ಬನಿಗೆ ಮೊತ್ತಮೊದಲ ಪ್ರಶಸ್ತಿ ದಕ್ಕಿದ್ದು 1997ರಲ್ಲಿ, ಅದೇ ಪ್ಯಾರಿಸ್ಸಿನ ಕೆಂಪು ನೆಲದಲ್ಲಿ; ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿಯೊಡನೆ ಮಿಶ್ರ ಜೋಡಿಯಲ್ಲಿ ಗೆದ್ದಾಗ. ಇಪ್ಪತ್ತು ವರ್ಷಗಳ ಮೇಲೆ, 2017ರಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಕೆನಡದ ಗೇಬ್ರಿಯೆಲಾ ಡಬ್ರೋವ್‌ಸ್ಕಿಯೊಡನೆ ಅಲ್ಲಿಯೇ ಗೆದ್ದರು.

ಇವು ದೊಡ್ಡವರ ಮಾತು. ಸಣ್ಣ ಪಂದ್ಯಾವಳಿಯ ಲೋಕ ಬೇರೆ. ಅಂತರರಾಷ್ಟ್ರೀಯ ಒಕ್ಕೂಟದ ಸರಣಿಯಲ್ಲಿ ತೀರ ಕೆಳಗಿನ ಮೆಟ್ಟಿಲಿನ ಪಂದ್ಯಾವಳಿಯ ಒಟ್ಟು ಬಹುಮಾನ 15,000 ಡಾಲರು. ಕೇಳಲು ದೊಡ್ಡ ಮೊತ್ತ. ಹಂಚಿ ನೋಡಿದರೆ, ವಾರವಿಡೀ ಆಡಿ ಒಂಟಿಯಾಟ ಗೆದ್ದವನಿಗೆ ಸುಮಾರು ಎರಡು ಸಾವಿರ ಡಾಲರು. ಮೊದಲ ಸುತ್ತಿನಲ್ಲಿ ಸೋತವನಿಗೆ ಸುಮಾರು ನೂರೈವತ್ತು. ವಿಮಾನದ ಖರ್ಚು, ಕೋಣೆಯ ಬಾಡಿಗೆ, ರಾಕೆಟ್ಟಿಗೆ ತಂತಿ ಕಟ್ಟಿಸಿದ ಕೂಲಿ ಎಲ್ಲ ಇದರಲ್ಲಿಯೇ. ತುರ್ಕಿಯ ಅಂಟಾಲ್ಯದಂಥ ಕಡಲ ತಡಿಯ ಊರುಗಳಲ್ಲಿ ಇಂಥ ಪಂದ್ಯಾವಳಿಗಳು ಆವೆಮಣ್ಣಿನ ಮೇಲೆ ವಾರದ ಮೇಲೆ ವಾರ ನಡೆಯುತ್ತವೆ. ಪ್ರೇಕ್ಷಕರೆಂದರೆ ಆಟಗಾರರ ತಂದೆತಾಯಿಗಳು, ಮತ್ತು ಮುಂದಿನ ಸರದಿಗೆ ಕಾಯುತ್ತಿರುವ ಆಟಗಾರರು. ನಮ್ಮ ನಾಡಿನಲ್ಲಿಯೂ ಧಾರವಾಡ, ಕಲಬುರಗಿ, ಮೈಸೂರುಗಳಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ದರ್ಜೆಯ ಸಣ್ಣ ಪಂದ್ಯಾವಳಿಗಳು ನಡೆದವು. ಆದರೆ ಸಿಮೆಂಟಿನ ಮೇಲೆ ಬಣ್ಣ ಬಳಿದ ಗಟ್ಟಿನೆಲದಲ್ಲಿ.

ಮಣ್ಣಿನ ಅಂಕಣ ಏಕೆ ಹಿಂದೆ ಸರಿಯಿತು? ಅದು ದುಬಾರಿಯೆಂದಲ್ಲ, ಅದಕ್ಕೆ ಮನುಷ್ಯರು ಬೇಕೆಂದು. ಬೆಳಿಗ್ಗೆ ನೀರು ಚಿಮುಕಿಸಬೇಕು, ಉರುಳೆ ಎಳೆಯಬೇಕು, ಆಟವಾದ ಮೇಲೆ ಬಲೆಯನ್ನೋ ಗೋಣಿಯನ್ನೋ ಎಳೆದು ಹುಡಿಯನ್ನು ಸಮನಾಗಿ ಹರಡಬೇಕು, ಗೆರೆಗಳನ್ನು ಗುಡಿಸಬೇಕು. ಒಣಗಿದರೆ ಹಾರುತ್ತದೆ, ನೆನೆದರೆ ಅಂಟುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಡೆಯಲ್ಲಂತೂ ನಾಲ್ಕು ತಿಂಗಳು ಅದು ಅಂಕಣವಲ್ಲ, ಗದ್ದೆ. ಪ್ರತಿ ವರ್ಷ ನವರಾತ್ರಿಯ ಹೊತ್ತಿಗೆ ಹೊಸದಾಗಿ ಕಟ್ಟಬೇಕು. ಕೆಸರಿನಲ್ಲಿ ಆಡುವುದು ನಮಗೆ ಹೊಸತೇನೂ ಅಲ್ಲ. ವಂಡಾರಿನ ಕಂಬಳಗದ್ದೆಯನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಕಂಬಳಕ್ಕೆ ನೆಲ ಕೆಸರಾದಷ್ಟೂ ಚೆನ್ನ. ಇದಕ್ಕೆ ನೆಲ ತೇವವಾಗಿಯೂ ಇರಬೇಕು, ಕೆಸರಾಗಲೂ ಕೂಡದು. ಗಟ್ಟಿನೆಲಕ್ಕಾದರೆ ಈ ಉಪಚಾರ ಯಾವುದೂ ಬೇಡ. ತಾರಸಿ ಬಂದು ಹಂಚನ್ನು ಕೆಳಗಿಳಿಸಿದ್ದೂ ಇದೇ ಕಾರಣಕ್ಕೆ: ವರ್ಷವರ್ಷವೂ ಮಾಡು ಹತ್ತಿ ಹಂಚು ಕೈಯಾಡಿಸುವವರು ಸಿಗಲಿಲ್ಲ. ಜೇಡಿಗೆ ನಿರ್ಬಂಧ ಬಂತು, ಸೌದೆಗೆ ಬೆಲೆ ಏರಿತು. ಒಂದೊಂದಾಗಿ ಚಿಮಣಿಗಳು ಹೊಗೆಯುಗುಳುವುದನ್ನು ನಿಲ್ಲಿಸಿದವು. ನನ್ನ ತಂದೆ ದುಡಿದ ಕಾರ್ಖಾನೆಯ ಜಾಗದಲ್ಲಿ ಹಳೆಯ ಇಟ್ಟಿಗೆಯ ಗೋಡೆಯೊಂದು ನಿಂತಿದೆ. ಅದರ ಮೇಲೆ ಅಶ್ವತ್ಥದ ಸಸಿ.

ಈ ಅಂಕಣಕ್ಕೆ ಮತ್ತೊಂದು ಗುಣವುಂಟು. ನನ್ನಂಥ ಹಳೆಯ ಅಕ್ಷರಗಳನ್ನು ಓದುವ ವೃತ್ತಿಯವನನ್ನು ಅದು ಸೆಳೆದದ್ದು ಆ ಗುಣದಿಂದ. ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಚೆಂಡು ಗೆರೆಯ ಒಳಗೋ ಹೊರಗೋ ಎಂಬ ವಿವಾದ ಎದ್ದರೆ, ಅಂಪೈರು ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಆ ಗುರುತನ್ನು ಓದುತ್ತಾನೆ. ಗುರುತಿನ ಅಂಚು ಕೂದಲಿನಷ್ಟು ಗೆರೆಗೆ ತಾಗಿದ್ದರೂ ಚೆಂಡು ಒಳಗೆ. ಬಸರೂರಿನಲ್ಲಿ ಕಲ್ಲಿನ ಮೇಲೆ ಸವೆದ ಅಕ್ಷರವನ್ನು ಬೆರಳಿನಿಂದ ತಡವಿ, ಇದು ‘ಮ’ವೋ ‘ವ’ವೋ ಎಂದು ಸಹೋದ್ಯೋಗಿಗಳೊಡನೆ ವಾದಿಸಿದ ದಿನಗಳು ನನಗೆ ನೆನಪಾಗುತ್ತವೆ. ವ್ಯತ್ಯಾಸವಿಷ್ಟೆ: ಶಾಸನ ಸಾವಿರ ವರ್ಷ ಕಾಯುತ್ತದೆ, ಇದು ಮುಂದಿನ ಹೆಜ್ಜೆಯವರೆಗೆ.

ಈಗ ಆ ಓದಿಗೂ ಯಂತ್ರ ಬಂದಿದೆ. 2025ರಿಂದ ಪುರುಷರ ವಿಶ್ವಸರಣಿಯ ಮಣ್ಣಿನ ಪಂದ್ಯಾವಳಿಗಳಲ್ಲಿಯೂ ಕ್ಯಾಮರಾಗಳ ತೀರ್ಪೇ ತೀರ್ಪು. ಪ್ಯಾರಿಸ್ಸಿನವರು ಮಾತ್ರ ಆ ವರ್ಷ ಮನುಷ್ಯರನ್ನು ಬಿಡಲಿಲ್ಲ. ಅದೇ ವರ್ಷ ಮ್ಯಾಡ್ರಿಡ್ಡಿನಲ್ಲಿ ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್ ಎಂಬ ಆಟಗಾರ, ಯಂತ್ರ ‘ಒಳಗೆ’ ಎಂದದ್ದನ್ನು ನಂಬಲಾರದೆ, ನೆಲದ ಮೇಲಿನ ಗುರುತನ್ನು ತನ್ನ ಫೋನಿನಿಂದ ಚಿತ್ರ ತೆಗೆದು ಎಚ್ಚರಿಕೆಯ ದಂಡನೆಗೆ ಗುರಿಯಾದ. ಯಂತ್ರ ಸರಿಯೋ ಮಣ್ಣು ಸರಿಯೋ ತಜ್ಞರು ಹೇಳಲಿ. ಹುಡಿ ತೆಳುವಾಗಿದ್ದರೆ ಗುರುತು ಕಿರಿದಾಗಿಯೂ ಸಡಿಲವಾಗಿದ್ದರೆ ಹಿರಿದಾಗಿಯೂ ಮೂಡುವುದುಂಟು ಎನ್ನುತ್ತಾರೆ, ಒಪ್ಪತಕ್ಕ ಮಾತೇ. ಯಂತ್ರಕ್ಕೆ ಹಿತೈಷಿಗಳಿಲ್ಲ, ಅದು ಯಾರ ಮುಖವನ್ನೂ ನೋಡುವುದಿಲ್ಲ. ಈ ಕೊನೆಯ ಮಾತನ್ನು ನಾನು ತಿಳಿದೇ ಹೇಳುತ್ತಿದ್ದೇನೆ.

1988ರ ಸುಮಾರಿಗೆ ನಾನು ಉಪನ್ಯಾಸಕನಾಗಿದ್ದ ಕರಾವಳಿಯ ಊರೊಂದರಲ್ಲಿ ಮಣ್ಣಿನ ಅಂಕಣವೊಂದಿತ್ತು. ಹತ್ತಿರದ ಕಾರ್ಖಾನೆಯ ಒಡಕು ಹಂಚನ್ನು ಕುಟ್ಟಿ, ಜರಡಿ ಹಿಡಿದು ಹಾಸಿದ ಅಂಕಣ. ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ. ಅವನ ಮಗ, ಹದಿನೇಳರ ಹುಡುಗ, ಚೆಂಡು ಹೆಕ್ಕಿಕೊಡುತ್ತ ಆಟ ಕಲಿತಿದ್ದ. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಪಂದ್ಯಾವಳಿಯಲ್ಲಿ ಆ ವರ್ಷ ಹುಡುಗನನ್ನೂ ಸೇರಿಸಿಕೊಂಡಿದ್ದರು. ಅಂತಿಮ ಪಂದ್ಯದಲ್ಲಿ ಅವನಿಗೆ ಎದುರಾಗಿದ್ದವರು ಊರಿನ ಹಿರಿಯ ಅಧಿಕಾರಿಗಳು. ನನ್ನನ್ನು ಹಿಂಬದಿಯ ಗೆರೆಯ ತೀರ್ಪಿಗೆ ಕೂರಿಸಿದ್ದರು. ಮೇಷ್ಟರು ನ್ಯಾಯವಾಗಿರುತ್ತಾರೆ ಎಂಬುದು ಜನರ ನಂಬಿಕೆ.

ಕೊನೆಯ ಸೆಟ್ಟಿನಲ್ಲಿ ಹುಡುಗ ಐದು-ನಾಲ್ಕರಿಂದ ಮುಂದಿದ್ದ. ಗೆಲುವಿಗೆ ಒಂದೇ ಪಾಯಿಂಟು. ಅವನು ಹೊಡೆದ ಚೆಂಡು ಅಧಿಕಾರಿಗಳನ್ನು ದಾಟಿ ನನ್ನ ಮುಂದೆ ಬಿತ್ತು. ನಾನು ‘ಔಟ್’ ಎಂದೆ. ಅದು ದುರುದ್ದೇಶದಿಂದ ಹೇಳಿದ್ದಲ್ಲ. ಕಣ್ಣಿಗಿಂತ ಬಾಯಿ ಮುಂದೆ ಓಡಿತು. ಹುಡುಗ ಬಲೆಯನ್ನು ಸುತ್ತಿ ಬಂದು, ಒಂದು ಮಾತನ್ನೂ ಆಡದೆ, ನೆಲವನ್ನು ತೋರಿಸಿದ. ನಾನು ಎದ್ದು ಹೋಗಿ ಬಗ್ಗಿ ನೋಡಿದೆ. ಗುರುತು ಗೆರೆಯನ್ನು ಕಚ್ಚಿ ನಿಂತಿತ್ತು. ಓದಲು ಕಷ್ಟವಿರಲಿಲ್ಲ. ಅಧಿಕಾರಿಗಳು ಟವಲಿನಿಂದ ಮುಖ ಒರಸಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದರು. ಅವರ ಕಚೇರಿಯಲ್ಲಿ ನಮ್ಮ ಮನೆಯ ಜಾಗದ ಕಾಗದವೊಂದು ಬಾಕಿಯಿತ್ತು. ಅವರು ಅದನ್ನು ನೆನಪಿಸಿದವರಲ್ಲ. ನೆನಪು ಮಾಡಿಕೊಂಡವನು ನಾನು. ಇನ್ನೊಮ್ಮೆ ‘ಔಟ್’ ಎಂದೆ. ಎಂದು, ಬೂಟಿನ ತುದಿಯಿಂದ ಆ ಗುರುತನ್ನು ತೀಡಿಬಿಟ್ಟೆ.

ಹುಡುಗ ಹಿಂದಿರುಗಿ ಹೋಗಿ ಆಡಿದ. ಏಳು-ಐದರಿಂದ ಸೋತ. ಬಹುಮಾನ ಒಂದು ಸ್ಟೀಲಿನ ಬಟ್ಟಲು, ಅಷ್ಟೆ. ಎಲ್ಲರೂ ಚಹಾ ಕುಡಿದು ಹೋದ ಮೇಲೆ ಮುದುಕ ಗೋಣಿ ಎಳೆಯುತ್ತ ನಾನಿದ್ದಲ್ಲಿಗೆ ಬಂದ. ನನ್ನ ಬೂಟು ಗೀರಿದ ಜಾಗದಲ್ಲಿ ಸ್ವಲ್ಪ ನಿಂತ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ನಾಳಿಗ್ ನೀರ್ ಹಾಕಿರೆ ಸಮ ಆತ್ತ್, ಮಾಷ್ಟ್ರೆ” ಎಂದು ಹೇಳಿ ಮುಂದೆ ಹೋದ.

ಆ ಮೇಲೆ ನಾನು ಮೂವತ್ತು ವರ್ಷ ತರಗತಿಗಳಲ್ಲಿ ಪಾಠಾಂತರಗಳನ್ನು ಕುರಿತು ಪಾಠ ಹೇಳಿದ್ದೇನೆ. ಲಿಪಿಕಾರನ ಕೈತಪ್ಪು ಬೇರೆ, ತನಗೆ ಬೇಡವಾದ ಅಕ್ಷರವನ್ನು ಕೆರೆದು ತೆಗೆಯುವುದು ಬೇರೆ. ಮೊದಲನೆಯದು ಕ್ಷಮ್ಯ, ಎರಡನೆಯದು ಅಪರಾಧ ಎಂದು ವಿದ್ಯಾರ್ಥಿಗಳಿಗೆ ಬರೆಸಿದ್ದೇನೆ. ಬರೆಸುವಾಗಲೆಲ್ಲ ಗಂಟಲಲ್ಲಿ ಕೆಂಪು ಹುಡಿ ಕಟ್ಟಿದಂತಾಗುತ್ತಿತ್ತು. ತಂದೆ ಬದುಕಿದ್ದು ನನ್ನನ್ನೊಮ್ಮೆ ಗೆಣ್ಣಿನಿಂದ ತಟ್ಟಿ ನೋಡಿದ್ದರೆ ಯಾವ ರಾಶಿಗೆ ಹಾಕುತ್ತಿದ್ದರು ಎಂಬುದು ನನಗೆ ಗೊತ್ತು.

ಆ ಅಂಕಣ ಈಗಿಲ್ಲ. ಅದರ ಮೇಲೆ ಸಿಮೆಂಟು ಬಿದ್ದಿದೆ, ವಾಹನಗಳು ನಿಲ್ಲುತ್ತವೆ. ಮುದುಕ ತೀರಿಕೊಂಡ. ಹುಡುಗ ಮರುವರ್ಷವೇ ಹೋಟೆಲಿನ ಕೆಲಸ ಹಿಡಿದು ಮುಂಬಯಿಗೆ ಹೋದನೆಂದು ಕೇಳಿದೆ. ಈಗ ಅವನು ಐವತ್ತು ದಾಟಿರಬೇಕು. ರೇಡಿಯೋ ಕೇಳುವ ಅಭ್ಯಾಸ ಅವನಿಗಿದೆಯೋ ಇಲ್ಲವೋ ಅರಿಯೆ. ಆದರೂ ಈ ಮಾತು ಎಲ್ಲಿಯಾದರೂ ಅವನ ಕಿವಿಗೆ ಬೀಳುವುದಾದರೆ, ಅವನಿಗೆ ತಿಳಿಸಬೇಕಾದದ್ದು ಇಷ್ಟು: ಅಂದು ನಿನ್ನ ಚೆಂಡು ಗೆರೆಯ ಮೇಲೆ ಬಿದ್ದಿತ್ತು. ನಾನು ನೋಡಿದೆ.



(ಆಕಾಶವಾಣಿಯ ಕೃಪೆಯಿಂದ)